ಎರಡು ಸಾಲಿಗೆ ಬಿದ್ದ ಮನೆ

ಆ ದಿನ ಬೆಳಗಾದರೂ ಬೆಳಕು ಬಂದಿರಲಿಲ್ಲ. ರಾತ್ರಿ ಇಳಿದ ಮಂಜು ಬೀದಿಯಲ್ಲೇ ಕಾಲು ಚಾಚಿ ಮಲಗಿಬಿಟ್ಟಿತ್ತು. ಎದುರುಮನೆಯ ದೀಪ ಹತ್ತಿದ ಕಿಟಕಿ ಕಾಣುತ್ತಿತ್ತು, ಮನೆ ಕಾಣುತ್ತಿರಲಿಲ್ಲ. ಬಸ್ಸೊಂದು ಮೊದಲು ಸದ್ದಾಗಿ, ಆಮೇಲೆ ಎರಡು ಮಬ್ಬು ಕಣ್ಣಾಗಿ, ಕೊನೆಗೊಮ್ಮೆ ಬಸ್ಸಾಗಿ ಬಂದು ನಿಂತಿತು. ಅದರಿಂದ ಇಳಿದವಳು ಶಾಲನ್ನು ಕತ್ತಿಗೆ ಬಿಗಿಯಾಗಿ ಸುತ್ತಿಕೊಂಡು, ಕಾಲಿಗೆ ಗೊತ್ತಿದ್ದ ದಾರಿಯನ್ನೇ ನಂಬಿ ಅಕ್ಕನ ಮನೆಯ ಕಡೆ ನಡೆದಳು. ಕಚೇರಿಗೆ ಹೋಗುವ ಮುಂಚೆ ಅಕ್ಕನ ಮುಖ ನೋಡಿ ಹೋಗುವುದು ಅವಳಿಗೆ ದೇವರಿಗೆ ಕೈಮುಗಿದ ಹಾಗೆ. ಅದೊಂದು ತಪ್ಪಿದರೆ ದಿನವೆಲ್ಲ ಏನನ್ನೋ ಎಲ್ಲೋ ಬಿಟ್ಟುಬಂದಂತೆ ಇರುತ್ತಿತ್ತು.

ಬಾಗಿಲು ತೆರೆದೇ ಇತ್ತು. ಸಿಸ್ಟರ್ ಆಗಲೇ ಬಂದಿದ್ದರು. ಆರೈಕೆ ಕಚೇರಿಯವರು ಮನೆಮನೆಗೆ ಕಳಿಸುವ ನರ್ಸ್ ಅವರು, ದಿನಕ್ಕೆ ಮೂರು ನಾಲ್ಕು ಸಲ ಬಂದುಹೋಗುವವರು. ಮಾತು ಕಡಿಮೆ, ಕೈ ಹಗುರ. ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಸೊಂಟದಿಂದ ಕೆಳಗಿನ ದೇಹ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಮಗ್ಗುಲು ತಿರುಗಿಸುವುದು, ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ಮೂತ್ರದ ನಳಿಕೆ ನೋಡುವುದು, ಎಲ್ಲವೂ ಸಿಸ್ಟರ್ ಕೈಯಿಂದಲೇ ಆಗಬೇಕು. ಭಾವ ಬಿಸಿನೀರಿನ ಬೋಗುಣಿ ಹಿಡಿದು ಪಕ್ಕದಲ್ಲಿ ನಿಂತಿದ್ದರು, ಮುಖ ಗೋಡೆಯ ಕಡೆಗೆ.

"ಈ ಕಡೆ, ಯಜಮಾನ್ರೇ," ಎಂದು ಸಿಸ್ಟರ್ ಅವರ ಮೊಣಕೈ ಹಿಡಿದು ತಿರುಗಿಸಿದರು.

"ಹೊರಗೆ ಎಂಥ ಮಂಜು ಭಾವ, ಒಂದು ಹೆಜ್ಜೆ ಮುಂದೆ ಕಾಣಲ್ಲ," ಅಂದಳು ಅವಳು, ಚಪ್ಪಲಿ ಬಿಡುತ್ತ.

"ಹಾಗಾದ್ರೆ ಇವತ್ತು ಊರಿಗೆಲ್ಲ ನನ್ನ ಕಣ್ಣೇ ಬಂತು ಅನ್ನು," ಅಂದರು ಭಾವ. ಅವರಿಗೆ ಬೆಳಕು, ನೆರಳು ಎರಡು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ದಾರಿ ತಿಳೀದಿದ್ರೆ ಹೇಳು ನಾದಿನಿ, ಬಸ್ಸಿನ ತನಕ ನಾನೇ ಕೈಹಿಡಿದು ಬಿಟ್ಟುಬರ್ತೀನಿ."

"ಮೊದ್ಲು ಬೋಗುಣಿ ನೆಟ್ಟಗೆ ಹಿಡೀರಿ," ಎಂದಳು ಹಾಸಿಗೆಯಿಂದ ಅಕ್ಕ. "ನೀರೆಲ್ಲ ನನ್ನ ಕಾಲ ಮೇಲೆ."

"ಕಾಲ ಮೇಲೆ ಬಿದ್ರೆ ನಿಂಗೆಲ್ಲಿ ಗೊತ್ತಾಗುತ್ತೆ?"

"ಸಿಸ್ಟರ್ ಮುಖ ನೋಡಿದ್ರೆ ಗೊತ್ತಾಗುತ್ತೆ."

ಸಿಸ್ಟರ್ ಕೂಡ ನಕ್ಕರು. ಆ ಮನೆಯಲ್ಲಿ ನಗು ಹೀಗೆ ಇನ್ನೂ ಉಳಿದಿತ್ತು. ಆದರೆ ಒಮ್ಮೆ ಸಿಸ್ಟರ್ ಹುಷಾರಿಲ್ಲದೆ ಬಾರದೇ ಹೋದಾಗ ಭಾವ ತಾವೇ ಪಟ್ಟಿ ಬದಲಿಸಲು ಹೋಗಿದ್ದರು. ಅಂಟಿಕೊಂಡ ಬಟ್ಟೆಯ ಜೊತೆಗೆ ಹುಣ್ಣಿನ ಅಂಚಿನ ಚರ್ಮವೂ ಕಿತ್ತುಬಂತು. ಅಕ್ಕನಿಗೆ ನೋವು ತಿಳಿಯಲಿಲ್ಲ, ಭಾವನಿಗೆ ರಕ್ತ ಕಾಣಲಿಲ್ಲ. ಇಬ್ಬರೂ ಕೆಲಸ ಚೆನ್ನಾಗಿಯೇ ಆಯಿತೆಂದುಕೊಂಡು ಮಲಗಿದರು. ಸಂಜೆ ಅವಳು ಬಂದು ನೋಡುವಾಗ ಅಕ್ಕ ಜ್ವರದಲ್ಲಿ ಬಡಬಡಿಸುತ್ತಿದ್ದಳು. ಆ ಸಲ ಆಸ್ಪತ್ರೆಯಿಂದ ಜೀವಸಹಿತ ಮನೆಗೆ ಬಂದದ್ದು ದೇವರ ದಯೆ.

ನೀನೇ ಬಂದು ಅಕ್ಕನ ಜೊತೆ ಇರಬಾರದೇ ಎಂದು ಕೇಳುವವರಿದ್ದರು. ಇರಬಹುದಿತ್ತು. ಆದರೆ ಆ ಮನೆಯ ಬಾಡಿಗೆ, ಔಷಧಿ, ಊಟ ನಡೆಯುತ್ತಿದ್ದದ್ದು ಅವಳ ಸಂಬಳದಿಂದ, ಮತ್ತು ಆ ಸಂಬಳ ಬರುತ್ತಿದ್ದದ್ದು ಹಗಲೆಲ್ಲ ಊರಿನ ಇನ್ನೊಂದು ತುದಿಯಲ್ಲಿ ಕೂತರೆ.

"ಹೊರಡ್ತೀನಕ್ಕ. ಇವತ್ತು ದೊಡ್ಡ ಮೀಟಿಂಗು."

"ಹೋಗ್ಬಾ ಪುಟ್ಟಿ. ಕೋಪ ಮಾಡ್ಕೋಬೇಡ ಯಾರ ಮೇಲೂ."

ಐವತ್ತು ದಾಟಿದವಳನ್ನು ಪುಟ್ಟಿ ಎಂದು ಕರೆಯಲು ಲೋಕದಲ್ಲಿ ಅಕ್ಕ ಒಬ್ಬಳೇ ಉಳಿದಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿದಳು. ತಾನು ಮಾಡುವ ಕೆಲಸವನ್ನು ಅಕ್ಕನಿಗೆ ಎಷ್ಟೋ ಸಲ ಹೇಳಿದ್ದಳು, ಅಕ್ಕ ಎಷ್ಟೋ ಸಲ ಮರೆತಿದ್ದಳು. ಅವಳು ಸಾಫ್ಟ್‌ವೇರ್ ಬರೆಯುವವಳಲ್ಲ. ಬರೆಯುವ ಮುಂಚೆ, ಏನು ಬರೆಯಬೇಕೆಂದು ಕೇಳಿ ತಿಳಿದುಕೊಳ್ಳುವವಳು. ಯಾವ ಕಚೇರಿಯವರು ತಮ್ಮ ನಿಯಮಗಳನ್ನು ತಂದುಕೊಟ್ಟರೂ, ಸಿಕ್ಕುಬಿದ್ದ ನೂಲು ಬಿಡಿಸಿದ ಹಾಗೆ ಬಿಡಿಸಿ ಕೋಷ್ಟಕ ಮಾಡುತ್ತಿದ್ದಳು. ಎಡಗಡೆ ಪ್ರಶ್ನೆಗಳು, ಬಲಗಡೆ ತೀರ್ಮಾನ. ಹೌದು, ಇಲ್ಲ ಎಂಬ ಉತ್ತರಗಳ ಒಂದೊಂದು ಜೋಡಣೆಗೆ ಒಂದೊಂದು ಸಾಲು. ಯಾವ ಪ್ರಶ್ನೆಯ ಉತ್ತರ ಏನಿದ್ದರೂ ತೀರ್ಮಾನ ಬದಲಾಗುವುದಿಲ್ಲವೋ ಆ ಜಾಗದಲ್ಲಿ ಒಂದು ಅಡ್ಡಗೆರೆ. ಕೋಷ್ಟಕವಾದ ಮೇಲೆ ಲೋಕದಲ್ಲಿಲ್ಲದ ಮನೆಗಳನ್ನು ಕಲ್ಪಿಸಿ, ಒಂದೊಂದನ್ನೇ ಅದರೊಳಗೆ ನಡೆಸಿ ನೋಡುತ್ತಿದ್ದಳು. ಯಾವ ಮನೆಯೂ ಸಾಲು ಸಿಗದೆ ಹೊರಗೆ ನಿಲ್ಲಬಾರದು. ಯಾವ ಮನೆಯೂ ಎರಡು ಸಾಲಿಗೆ ಬೀಳಬಾರದು. ಇವೆರಡು ಅವಳ ಕಸುಬಿನ ನೇಮ. ಈ ಶ್ರದ್ಧೆ ನೋಡಿಯೇ ಕಚೇರಿಯ ಹುಡುಗರು ಅವಳಿಗೆ ಕೋಷ್ಟಕದಮ್ಮ ಎಂದು ಹೆಸರಿಟ್ಟಿದ್ದರು.

ಈಗ ಕೈಯಲ್ಲಿದ್ದದ್ದು ಆರೈಕೆ ಕಚೇರಿಯ ನಿಯಮಗಳು. ಯಾವ ಮನೆಗೆ ನರ್ಸ್ ಹೋಗಬೇಕು, ಯಾವ ಮನೆಗೆ ಬೇಡ. ಇಷ್ಟು ದಿನ ಗುಮಾಸ್ತರು ನಿಯಮದ ಹಾಳೆ ನೋಡಿ ತೀರ್ಮಾನಿಸುತ್ತಿದ್ದರು, ಇನ್ನು ಮುಂದೆ ಸಾಫ್ಟ್‌ವೇರ್ ತೀರ್ಮಾನಿಸಬೇಕು. ಹಿಂದಿನ ದಿನ ಇಲ್ಲದ ಮನೆಗಳನ್ನು ನಡೆಸುತ್ತ ನಡೆಸುತ್ತ ಅವಳ ಕೈ ತಟ್ಟನೆ ನಿಂತಿತ್ತು. ಒಂದು ಸಾಲು ಹೀಗಿತ್ತು: ರೋಗಿ ಹಾಸಿಗೆ ಹಿಡಿದಿದ್ದರೆ ನರ್ಸ್ ದಿನವೂ ಹೋಗಬೇಕು. ಮನೆಯಲ್ಲಿ ಬೇರೆ ಯಾರಿದ್ದಾರೆ ಎಂಬಲ್ಲಿ ಅಡ್ಡಗೆರೆ. ಕೆಳಗಿನ ಸಾಲು ಹೀಗಿತ್ತು: ಮನೆಯಲ್ಲಿ ವಯಸ್ಕರು ಇನ್ನೊಬ್ಬರಿದ್ದರೆ ಆರೈಕೆ ಅವರದೇ, ನರ್ಸ್ ಬೇಡ. ರೋಗಿಯ ಸ್ಥಿತಿ ಏನು ಎಂಬಲ್ಲಿ ಅಡ್ಡಗೆರೆ. ಎರಡನ್ನೂ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದಿರಬೇಕು. ಹಾಸಿಗೆ ಹಿಡಿದ ಹೆಂಡತಿ, ಜೊತೆಗೊಬ್ಬ ಗಂಡ ಇರುವ ಮನೆ ಎರಡಕ್ಕೂ ಬೀಳುತ್ತದೆ. ಗುಮಾಸ್ತರು ಹಾಳೆಯನ್ನು ಮೇಲಿನಿಂದ ಓದಿ, ಮೊದಲು ಹೊಂದಿದ ಸಾಲಿಗೇ ನಿಂತುಬಿಡುತ್ತಿದ್ದುದರಿಂದ ಅಂಥ ಮನೆಗಳಿಗೆ ನರ್ಸ್ ಹೋಗುತ್ತಿದ್ದರು.

ಅಕ್ಕನ ಮನೆಗೆ ಸಿಸ್ಟರ್ ಬರುತ್ತಿದ್ದದ್ದು ಹೀಗೆ. ಯಾರದೋ ಕಣ್ತಪ್ಪಿನ ಸಂದಿಯಲ್ಲಿ.

ಇದನ್ನು ಎತ್ತಿ ತೋರಿಸಬೇಕು ಎಂದು ಅವಳು ತೀರ್ಮಾನಿಸಿಯಾಗಿತ್ತು. ಭಯವಿರಲಿಲ್ಲವೇ ಎಂದರೆ ಇತ್ತು. ಆದರೆ ಅದಕ್ಕಿಂತ ದೊಡ್ಡದಾದ ಒಂದು ನಂಬಿಕೆಯಿತ್ತು. ಇಷ್ಟು ವರ್ಷ ಈ ಕಸುಬು ಮಾಡಿ ಅವಳಿಗೆ ಅನ್ನಿಸಿದ್ದು ಇದು: ಪ್ರಶ್ನೆ ಮಸುಕಾಗಿದ್ದಾಗ ಮಾತ್ರ ಜನ ತಪ್ಪು ಮಾಡುತ್ತಾರೆ. ಅದನ್ನು ಚೆನ್ನಾಗಿ ತೊಳೆದು, ಒರೆಸಿ, ಮುಂದಿಟ್ಟರೆ ಮನುಷ್ಯನೊಳಗಿನ ದೇವರು ಸರಿಯಾದ ಉತ್ತರವನ್ನೇ ಕೊಡುತ್ತಾನೆ. ಹಾಸಿಗೆ ಹಿಡಿದವಳು, ಕಣ್ಣಿಲ್ಲದವನು, ಇವರ ಮನೆಗೆ ನರ್ಸ್ ಬೇಕೋ ಬೇಡವೋ ಎಂದು ನೇರವಾಗಿ ಕೇಳಿದರೆ ಬೇಡ ಎನ್ನುವ ಬಾಯಿ ಯಾವುದಿದ್ದೀತು?

ಕಚೇರಿಯ ಕಾರಿಡಾರಿನಲ್ಲಿ ಪ್ರೋಗ್ರಾಮರ್ ಹುಡುಗ ಎದುರಾದ. ಯಾವಾಗಲೂ ಓಡುತ್ತಲೇ ಇರುವ ಅವನನ್ನು ಎಲ್ಲರೂ ಅವಸರ ಎಂದೇ ಕರೆಯುತ್ತಿದ್ದರು. ಅವನ ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಅವಳು ಕಳಿಸಿದ್ದ ಕೋಷ್ಟಕ.

"ಮೇಡಂ, ನೋಡಿದೆ. ಒಂದ್ಮಾತು ಹೇಳ್ಲಾ? ಇದನ್ನ ಒಳಗೆ ಎತ್ತಕ್ಕೆ ಹೋಗ್ಬೇಡಿ."

"ಯಾಕಪ್ಪ?"

"ಗುಮಾಸ್ತರು ಓದಿದ ಹಾಗೇ ಮೇಲಿಂದ ಓದಿಸ್ತೀನಿ. ಮೊದ್ಲು ಹೊಂದಿದ್ದೇ ತೀರ್ಮಾನ. ನರ್ಸ್ ಹೋಗ್ತಾರೆ. ಯಾರಿಗೂ ನೋವಿಲ್ಲ, ನಾನೂ ಮನೆಗೆ ಬೇಗ ಹೋಗ್ತೀನಿ."

"ಇವತ್ತು ನೀನಿದ್ದೀಯ. ನಾಳೆ ಇನ್ನೊಬ್ಬ ಬಂದು ಚಂದ ಕಾಣ್ಲಿ ಅಂತ ಸಾಲುಗಳನ್ನ ಹಿಂದುಮುಂದು ಜೋಡಿಸ್ತಾನೆ. ಆಗ ಒಂದೇ ದಿನದಲ್ಲಿ ಅಷ್ಟೂ ಮನೆಗೆ ನರ್ಸ್ ನಿಂತುಹೋಗ್ತಾರೆ. ಯಾಕೆ ಅಂತ ಯಾರಿಗೂ ತಿಳಿಯಲ್ಲ."

"ಅದು ನಾಳೆ ಮೇಡಂ."

"ಅವರು ಹಾಸಿಗೆಯಲ್ಲಿರೋದು ನಾಳೆನೂ ಅಲ್ವೇನೋ."

ಅವಸರ ತಲೆ ಕೆರೆದುಕೊಂಡ. "ನಿಮ್ಮ ಜೊತೆ ಮಾತಾಡಿ ಗೆದ್ದವರು ಯಾರಾದ್ರೂ ಇದ್ರೆ ತೋರ್ಸಿ, ಅವ್ರ ಕಾಲಿಗೆ ಬೀಳ್ತೀನಿ," ಎಂದು ಕಾಫಿ ಚೆಲ್ಲಿಕೊಂಡು ಹೋದ.

ಮೀಟಿಂಗ್ ಕೋಣೆಯಲ್ಲಿ ಉದ್ದನೆಯ ಮೇಜು, ಕಂಪ್ಯೂಟರಿನಿಂದ ಕೋಷ್ಟಕ ಮೂಡಿಸಿದ ಬಿಳಿ ಹಲಗೆ, ಮಂಜು ಅಂಟಿದ ಗಾಜು. ಆರೈಕೆ ಕಚೇರಿಯ ಅಧಿಕಾರಿ ಬಂದರು. ತಲೆ ನರೆತ, ಸಮಾಧಾನದ ಮನುಷ್ಯ. ಬಾಗಿಲಲ್ಲಿ ನಿಂತು ಎಲ್ಲರಿಗೂ ನಮಸ್ಕಾರ ಹೇಳಿ ಒಳಬಂದರು. ಅವರನ್ನು ನೋಡಿ ಅವಳ ಮನಸ್ಸು ಇನ್ನಷ್ಟು ಹಗುರಾಯಿತು.

ಅವಳ ಕೋಷ್ಟಕಗಳ ಪರೀಕ್ಷೆಗೆ ಒಂದು ಪದ್ಧತಿಯಿತ್ತು. ನಿಯಮ ಮಾಡುವವರೇ ಆ ಇಲ್ಲದ ಮನೆಯವರಾಗಿ ಕೂರಬೇಕು. ಅವಳು ಪ್ರಶ್ನೆ ಕೇಳುತ್ತಾಳೆ, ಅವರು ಆ ಮನೆಯವರ ಬಾಯಿಂದ ಉತ್ತರಿಸುತ್ತಾರೆ, ಹಲಗೆಯ ಮೇಲೆ ತೀರ್ಮಾನ ಬೀಳುತ್ತದೆ. ಬರೀ ಓದಿದರೆ ಕಾಣದ್ದು ಹೀಗೆ ಕೂತರೆ ಕಾಣುತ್ತದೆ. ಇನ್ನೊಂದು ಕಟ್ಟುನಿಟ್ಟೂ ಇತ್ತು: ನಿಜವಾದ ಯಾರನ್ನೂ ಪರೀಕ್ಷೆಗೆ ತರಬಾರದು. ನಮ್ಮವರನ್ನು ತಂದರೆ ಕೋಷ್ಟಕ ನಮ್ಮ ಕಡೆ ವಾಲುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದವಳು ಅವಳೇ.

ಸುಲಭದ ಮನೆಗಳೆಲ್ಲ ಮುಗಿದವು. ಅವಳು ಅಧಿಕಾರಿಯ ಕಡೆ ತಿರುಗಿದಳು.

"ಸರ್, ಈಗ ನೀವು ಒಬ್ಬ ಗಂಡ. ವಯಸ್ಸಾಗಿದೆ. ಕಣ್ಣು ಕಾಣಲ್ಲ. ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಬೆನ್ನಲ್ಲಿ ಹುಣ್ಣು."

"ಪಾಪ," ಎಂದು ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ನಿಜವಾಗಿಯೂ ಕಣ್ಣು ಮುಚ್ಚಿಕೊಂಡರು. "ಕೇಳಿ."

"ನಿಮ್ಮ ಮನೆಯ ರೋಗಿ ಹಾಸಿಗೆ ಹಿಡಿದಿದ್ದಾರಾ?"

"ಹಿಡಿದಿದ್ದಾಳಮ್ಮ."

"ಮನೆಯಲ್ಲಿ ವಯಸ್ಕರು ಇನ್ನೊಬ್ರು ಇದ್ದಾರಾ?"

"ಇದ್ದೀನಲ್ಲ, ನಾನು."

ಹಲಗೆಯ ಮೇಲೆ ಎರಡು ಸಾಲು ಬೆಳಗಿದವು. ಒಂದು ನರ್ಸ್ ಹೋಗಲಿ ಎಂದಿತು, ಇನ್ನೊಂದು ಬೇಡವೆಂದಿತು. ಅಧಿಕಾರಿ ಕಣ್ಣು ತೆರೆದು ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಅವಳು ಒಳಗೊಳಗೇ ದೇವರನ್ನು ನೆನೆದಳು.

"ಭೇಷ್," ಅಂದರು ಅಧಿಕಾರಿ ಮೆಲ್ಲಗೆ. "ಇದನ್ನ ನಾವ್ಯಾರೂ ಗಮನಿಸಿರಲೇ ಇಲ್ಲ ನೋಡಿ. ಹಾಗಾದ್ರೆ ಇಂಥ ಮನೆಗಳಿಗೂ ನಮ್ಮ ನರ್ಸ್‌ಗಳು ಹೋಗ್ತಾ ಇದ್ದಾರೆ."

"ಹೌದು ಸರ್."

"ಹೋಗಬಾರದಿತ್ತು."

ಅವಳಿಗೆ ಕೇಳಿಸಿತು, ಅರ್ಥ ಮಾತ್ರ ಹಿಂದೆ ಉಳಿಯಿತು.

"ಕೆಳಗಿನ ಸಾಲೇ ಸರಿ," ಅಂದರು ಅವರು. "ಮೇಲಿನದಕ್ಕೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ರೆ ಮಾತ್ರ, ಅಂತ ಸೇರಿಸಿ. ಆಗ ಒಂದು ಮನೆಗೆ ಒಂದೇ ಸಾಲು ಅಲ್ವಾ?"

"ಸರ್, ಆ ಗಂಡನಿಗೆ ಕಣ್ಣು ಕಾಣಲ್ಲ. ಪಟ್ಟಿ ಕಟ್ಟೋಕೆ ಆಗಲ್ಲ. ಇನ್ನೊಂದು ಪ್ರಶ್ನೆ ಸೇರಿಸೋಣ. ಮನೆಯಲ್ಲಿರೋರ ಕೈಲಿ ಆರೈಕೆ ಆಗುತ್ತಾ, ಅಂತ."

"ಯಾರನ್ನ ಕೇಳೋದು ಅದನ್ನ? ಅವರನ್ನೇ ಕೇಳಿದ್ರೆ ಎಲ್ರೂ ಆಗಲ್ಲ ಅಂತಾರೆ. ಹೋಗಿ ನೋಡ್ಕೊಂಡು ಬನ್ನಿ ಅಂತ ಯಾರನ್ನ ಕಳಿಸ್ಲಿ? ಇರೋ ನರ್ಸ್‌ಗಳೇ ಸಾಲ್ತಿಲ್ಲ."

"ಆದ್ರೂ ಸರ್..."

"ಅಮ್ಮಾ, ಈಗ ನೀವು ನನ್ನ ಕುರ್ಚಿಯಲ್ಲಿ ಕೂತ್ಕೊಳ್ಳಿ," ಅಂದರು ಅಧಿಕಾರಿ. ಅವರ ದನಿಯಲ್ಲಿ ಗಡಸು ಇರಲಿಲ್ಲ, ದಣಿವಿತ್ತು. "ನಾನೊಂದು ಮನೆ ಹೇಳ್ತೀನಿ. ಒಬ್ಬಳೇ ಮುದುಕಿ. ಹಾಸಿಗೆ ಹಿಡಿದಿದ್ದಾಳೆ. ನೀರು ಕೊಡೋಕೂ ಯಾರೂ ಇಲ್ಲ. ನಮ್ಮ ಸರದಿಯಲ್ಲಿ ಕಾಯ್ತಾ ಇದ್ದಾಳೆ. ಅಂಥೋರು ಒಬ್ರಲ್ಲ, ಬೇಕಾದಷ್ಟು ಜನ ಇದ್ದಾರೆ. ಆ ಗಂಡಹೆಂಡಿರ ಮನೆಯಿಂದ ನರ್ಸನ್ನ ತೆಗೀದೆ ಈ ಮುದುಕಿಗೆ ಎಲ್ಲಿಂದ ತರ್ಲಿ? ನೀವೇ ಹೇಳಿ, ಹಾಗೇ ಬರ್ಕೊಳ್ಳಿ."

ಅವಳು ಬಾಯಿ ತೆರೆದಳು. ಸರ್, ಅದು ನನ್ನ ಅಕ್ಕನ ಮನೆ, ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಂದಿದ್ದರೆ ಏನಾಗುತ್ತಿತ್ತು? ಈ ಒಳ್ಳೆಯ ಮನುಷ್ಯ ಅಕ್ಕನೊಬ್ಬಳ ಮಟ್ಟಿಗೆ ಏನಾದರೂ ದಾರಿ ಮಾಡುತ್ತಿದ್ದರೇನೋ. ಅದೇ ಸಾಲಿಗೆ ಬೀಳುವ ಉಳಿದ ಮನೆಗಳಲ್ಲಿ ಈ ಮೇಜಿಗೆ ಕೂರುವ ತಂಗಿಯರಿಲ್ಲ. ಕಾಯುತ್ತಿರುವ ಆ ಮುದುಕಿ ಇನ್ನಷ್ಟು ಹಿಂದಕ್ಕೆ ಹೋಗುತ್ತಾಳೆ. ಅವಳು ನುಂಗಿಕೊಂಡಳು. ಅವರು ಕೇಳಿದ ಪ್ರಶ್ನೆ ಸ್ವಚ್ಛವಾಗಿತ್ತು, ಅವಳೇ ತೊಳೆದು ಒರೆಸಿಟ್ಟ ಹಾಗಿತ್ತು. ಅದಕ್ಕೆ ಒಳ್ಳೆಯ ಉತ್ತರ ಮಾತ್ರ ಎಲ್ಲೂ ಇರಲಿಲ್ಲ.

"ನನಗೆ ಗೊತ್ತಾಗ್ತಿಲ್ಲ ಸರ್," ಅಂದಳು.

"ನನಗೂ ಗೊತ್ತಾಗಲ್ಲಮ್ಮ. ಅದಕ್ಕೇ ಅಲ್ವಾ ನಿಯಮ ಮಾಡೋದು."

ಅಡ್ಡಗೆರೆಯನ್ನು ಅಳಿಸಿ "ಯಾರೂ ಇಲ್ಲ" ಎಂದು ಬರೆದದ್ದು ಅವಳ ಕೈಯೇ. ಆಮೇಲೆ ಕಲ್ಪಿಸಿದ್ದ ಎಲ್ಲ ಮನೆಗಳನ್ನೂ ಮೊದಲಿನಿಂದ ನಡೆಸಿದರು. ಒಂದೊಂದೂ ತನ್ನ ಸಾಲಿಗೆ ಹೋಗಿ ಕೂತಿತು. ಯಾವುದೂ ಹೊರಗೆ ಉಳಿಯಲಿಲ್ಲ, ಯಾವುದೂ ಎರಡಕ್ಕೆ ಬೀಳಲಿಲ್ಲ. ಅಷ್ಟು ಲಕ್ಷಣವಾದ ಕೋಷ್ಟಕವನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ. ಅಧಿಕಾರಿ ಎದ್ದು, ಈ ಪರೀಕ್ಷೆ ಮಾಡದಿದ್ದರೆ ಎಂಥ ತಪ್ಪು ಉಳಿದುಹೋಗುತ್ತಿತ್ತು ಎಂದು ಎಲ್ಲರೆದುರು ಅವಳನ್ನು ಹೊಗಳಿ ಹೋದರು.

ಕೋಣೆ ಖಾಲಿಯಾದ ಮೇಲೆ ಅವಸರ ಉಳಿದ. ಏನಾದರೂ ತಮಾಷೆ ಮಾಡುತ್ತಾನೆಂದು ಅವಳು ಕಾದಳು. ಅವನು ಕುರ್ಚಿಗಳನ್ನು ಒಂದೊಂದಾಗಿ ಮೇಜಿನೊಳಕ್ಕೆ ತಳ್ಳುತ್ತ ಬಂದ.

"ಮೇಡಂ, ಆ ಗಂಡಹೆಂಡಿರು... ನಿಮಗೆ ಗೊತ್ತಿರೋರಾ?"

"ಇಲ್ಲಪ್ಪ. ಸುಮ್ನೆ ಕಲ್ಪಿಸ್ಕೊಂಡಿದ್ದು."

ಅವಳು ಸುಮ್ಮನಿರಲಿಲ್ಲ. ಆರೈಕೆ ಕಚೇರಿಯ ಮೇಲಿನವರಿಗೆ ಪತ್ರ ಬರೆದಳು, ಇನ್ನೊಂದು ಪ್ರಶ್ನೆ ಸೇರಿಸಲೇಬೇಕೆಂದು ಕಾರಣಗಳನ್ನು ಕೊಟ್ಟಳು. ಉತ್ತರ ಬಂತು, ವಿನಯದಿಂದಲೇ ಬಂತು. ನಿಯಮಗಳು ಪರೀಕ್ಷೆಗೆ ಒಳಪಟ್ಟಿವೆ, ಅವುಗಳಲ್ಲಿ ಬಿಟ್ಟುಹೋದದ್ದಾಗಲಿ ಒಂದಕ್ಕೊಂದು ವಿರುದ್ಧವಾದದ್ದಾಗಲಿ ಏನೂ ಇಲ್ಲವೆಂದು ತಮ್ಮ ವರದಿಯಲ್ಲಿ ತಾವೇ ಬರೆದಿದ್ದೀರಿ, ಎಂದಿತ್ತು. ನಿಜ, ಅವಳದೇ ವಾಕ್ಯ. ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆ ದಿನದಿಂದ ಅವಳು ಪ್ರಾರ್ಥನೆಗೆ ಕೂತರೆ ಕೈ ಜೋಡಿಸುವವರೆಗೆ ಬರುತ್ತಿತ್ತು, ಅಲ್ಲಿಂದ ಮುಂದಕ್ಕೆ ಮಾತು ಬರುತ್ತಿರಲಿಲ್ಲ. ದೇವರನ್ನು ಏನೆಂದು ಕೇಳುವುದು? ಆ ಮುದುಕಿಯಿಂದ ಕಿತ್ತು ಅಕ್ಕನಿಗೆ ಕೊಡು ಎಂದೇ?

ಬಿಸಿಲು ಚುರುಗುಟ್ಟುವ ಬೇಸಿಗೆಯ ಹೊತ್ತಿಗೆ ಸಾಫ್ಟ್‌ವೇರ್ ಕೆಲಸಕ್ಕೆ ಇಳಿಯಿತು. ಮೊದಲ ವಾರವೇ, ಇನ್ನು ನರ್ಸ್ ಬರುವುದಿಲ್ಲವೆಂದು ಅಕ್ಕನ ಮನೆಗೆ ತಿಳುವಳಿಕೆ ಪತ್ರ ಬಂತು.

ಸಿಸ್ಟರ್ ಕೊನೆಯ ಸಲ ಬಂದ ದಿನ ಅವಳು ರಜೆ ಹಾಕಿ ಅಲ್ಲೇ ಇದ್ದಳು. ಪಟ್ಟಿ ಕಟ್ಟುವುದನ್ನು ಸಿಸ್ಟರ್ ತೋರಿಸಿಕೊಟ್ಟರು, ಅವಳು ಕಲಿತಳು. ದಿನವೂ ಬೆಳಿಗ್ಗೆ ಬಂದು ಕಟ್ಟಿಹೋಗುವುದು ಸಾಧ್ಯವಿತ್ತು. ಆದರೆ ಹಗಲಿನಲ್ಲಿ ನಳಿಕೆ ಕಟ್ಟಿಕೊಂಡರೆ, ಮಗ್ಗುಲು ತಿರುಗಿಸಬೇಕಾದರೆ, ಅದು ಯಾರಿಂದಲೂ ಸಾಧ್ಯವಿರಲಿಲ್ಲ. ಭಾವ ಬೋಗುಣಿ ಹಿಡಿದು ನಿಂತಿದ್ದರು.

"ಕೆಲಸ ಬಿಡ್ತೀನಕ್ಕ," ಅಂದಳು ಅವಳು.

"ಬಿಟ್ಟು? ಮೂವರೂ ಸೇರಿ ಗಾಳಿ ತಿನ್ನೋಣ್ವಾ?" ಅಂದಳು ಅಕ್ಕ. "ಸುಮ್ನಿರು ಪುಟ್ಟಿ. ಆದಷ್ಟು ದಿನ ಆಗುತ್ತೆ."

"ಇದೆಲ್ಲ ನಿಮ್ಮಂಥ ಆಫೀಸಲ್ಲೇ ಅಲ್ವಾ ಮಾಡೋದು ನಾದಿನಿ?" ಎಂದರು ಭಾವ. "ನಮ್ಮಂಥೋರು ಇದ್ದಾರೆ ಅಂತ ಯಾರಾದ್ರೂ ಒಬ್ರು ಅವ್ರಿಗೆ ಹೇಳ್ಬೇಕಿತ್ತು. ಹೇಳಿದ್ರೆ ತಿಳ್ಕೊಳ್ತಿದ್ರು. ಜನ ಅಷ್ಟು ಕೆಟ್ಟೋರಲ್ಲ."

ಅವಳು ಅಕ್ಕನ ಸೊಂಟದ ಕೆಳಗೆ ಒದ್ದೆಯಾದ ಹಚ್ಚಡವನ್ನು ಎಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಒಬ್ರು ಹೇಳಿದ್ರು ಭಾವ."

"ಹೇಳಿದ್ರಾ? ಮತ್ತೆ?"

"ಹೇಳಿದ್ದಕ್ಕೇ ಹೀಗಾಯ್ತು."

ಭಾವ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಅಕ್ಕ ತಂಗಿಯ ಮುಖವನ್ನೇ ನೋಡಿದಳು, ನೋಡಿ ಕಣ್ಣು ಮುಚ್ಚಿದಳು. ಅವಳ ಕೈ ಹಾಸಿಗೆಯ ಮೇಲೆ ತಡಕಾಡಿ ತಂಗಿಯ ಮಣಿಕಟ್ಟನ್ನು ಹುಡುಕಿ ಹಿಡಿಯಿತು. ಕೇಳಿದ್ದರೆ ತಂಗಿ ಹೇಳುತ್ತಿದ್ದಳು.

ಸಿಸ್ಟರ್ ಕೈ ತೊಳೆದುಕೊಂಡು, ಚೀಲ ಜೋಡಿಸಿದರು. ಮುಂದಿನ ಸೋಮವಾರದಿಂದ ಬೇರೆ ಬೀದಿಯಂತೆ, ಒಬ್ಬಂಟಿ ಹೆಂಗಸಿನ ಮನೆಯಂತೆ. ಬಾಗಿಲವರೆಗೆ ಹೋದವರು ನಿಂತರು. ಭಾವ ತಡವರಿಸಿ ಎದ್ದು ಚಿಲಕ ತೆಗೆಯುವಷ್ಟರಲ್ಲಿ ಹೊತ್ತಾಗುತ್ತದೆಂದು ಬಂದ ಮೊದಲ ದಿನಗಳಲ್ಲೇ ಮನೆಯ ಬೀಗದ ಕೈ ಒಂದನ್ನು ಸಿಸ್ಟರಿಗೆ ಕೊಟ್ಟಿದ್ದರು. ಅವರು ತಮ್ಮ ಗೊಂಚಲಿನಿಂದ ಅದನ್ನು ಬಿಡಿಸಿದರು. ಭಾವನ ಹತ್ತಿರ ಹಿಂದಿರುಗಿ ಬಂದು, ಅವರ ಅಂಗೈ ಬಿಚ್ಚಿ, ಬೀಗದ ಕೈಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಮೆಲ್ಲಗೆ ಮಡಚಿದರು.